ವಿದೇಶಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸೇವೆ ನೋಡಲು ಅಧ್ಯಯನ ಪ್ರವಾಸ: ತಯಾರಿಯಿಂದ ವರದಿವರೆಗೆ ಸಮಗ್ರ ಮಾರ್ಗದರ್ಶಿ

ವಿದೇಶಿ ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳನ್ನು ಹೇಗೆ ನೋಡಿಕೊಳ್ಳುತ್ತವೆ ಎಂದು ತಿಳಿಯಲು ಹೋಗಿಬಂದ ತಂಡಗಳ ವರದಿಗಳನ್ನು ನಾನು ಬಹಳ ಓದಿದ್ದೇನೆ. ಎಷ್ಟೋ ವರದಿಗಳಲ್ಲಿ ಒಂದೇ ಕೊರತೆ. ಗ್ರಂಥಾಲಯಕ್ಕೆ ಎಷ್ಟು ಮಹಡಿ, ಜಿಮ್ ಎಷ್ಟು ದೊಡ್ಡದು ಎಂಬುದೆಲ್ಲ ಇರುತ್ತದೆ. ಅಲ್ಲಿನ ಒಬ್ಬ ವಿದ್ಯಾರ್ಥಿನಿಗೆ ರಾತ್ರೋರಾತ್ರಿ ಕಷ್ಟ ಬಂದರೆ ಮೊದಲು ಯಾರ ಬಾಗಿಲು ತಟ್ಟುತ್ತಾಳೆ ಎಂದು ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ.

ಹೋದವರು ಶ್ರದ್ಧೆ ಇಲ್ಲದವರೇನಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ. ಮೊದಲು ಟಿಕೆಟ್, ಆಮೇಲೆ ವಿಶ್ವವಿದ್ಯಾಲಯ, ಪ್ರಶ್ನೆಗಳು ಕೊನೆಗೆ, ಅದೂ ಬಸ್ಸಿನಲ್ಲಿ ಕೂತು. ಈ ಬರಹದಲ್ಲಿ ಅದೇ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಹೇಳುತ್ತೇನೆ. ಕಾಲೇಜಿನ ವಿದ್ಯಾರ್ಥಿ ಕಲ್ಯಾಣ ವಿಭಾಗದವರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಆಪ್ತ ಸಮಾಲೋಚಕರಿಗೆ, ಶಿಕ್ಷಣ ಆಡಳಿತ ಓದುತ್ತಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಮುಖ್ಯವಾಗಿ ಬೇಕಾದ್ದು ಸಮಯ. ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲು ಕೆಲಸ ಶುರುವಾಗಲಿ. ಮೂರು ತಿಂಗಳಲ್ಲಿ ಮಾಡಿ ಮುಗಿಸಿದವರೂ ಇದ್ದಾರೆ. ಆದರೆ ಆಗ ಸಿಕ್ಕ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಗುತ್ತದೆ, ಬೇಕಾದ್ದಕ್ಕಲ್ಲ.

ತಂಡದಲ್ಲಿ ಎಂಟರಿಂದ ಹನ್ನೆರಡು ಜನ ಸಾಕು. ಹದಿನೈದು ದಾಟಿದರೆ ಸಣ್ಣ ಆಫೀಸಿನೊಳಗೆ ಎಲ್ಲರೂ ಹಿಡಿಸುವುದಿಲ್ಲ. ಆಗ ನಿಮ್ಮನ್ನು ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸುತ್ತಾರೆ. ಅಲ್ಲಿಗೆ ಪ್ರವಾಸ ಅರ್ಧ ಮುಗಿದಂತೆ.

ಸಾಮಾನಿನ ಪಟ್ಟಿ ಚಿಕ್ಕದು. ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್, ಎಲ್ಲರೂ ಸೇರಿ ತುಂಬುವ ಒಂದು ಹಂಚಿಕೆಯ ಶೀಟ್, ಕೆಳಗೆ ಹೇಳುವ ಐದು ಕತೆಗಳ ಮುದ್ರಿತ ಪ್ರತಿ. ಜೊತೆಗೆ ಸಮಯ ನೋಡಿಕೊಳ್ಳುವುದಕ್ಕೆಂದೇ ಒಬ್ಬ ವ್ಯಕ್ತಿ.

ಹಂತ 1: ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ

‘ವಿದ್ಯಾರ್ಥಿ ಸೇವೆಗಳನ್ನು ನೋಡಿ ಬರುವುದು’ ಎಂಬ ಉದ್ದೇಶ ಇಟ್ಟುಕೊಂಡರೆ ಯಾವುದನ್ನೂ ಸರಿಯಾಗಿ ನೋಡಲು ಆಗುವುದಿಲ್ಲ. ಹಾಸ್ಟೆಲ್, ಆರೋಗ್ಯ, ಸಮಾಲೋಚನೆ, ಸ್ಕಾಲರ್‌ಶಿಪ್, ಉದ್ಯೋಗ ಮಾರ್ಗದರ್ಶನ, ವಿಶೇಷಚೇತನರ ನೆರವು, ವಿದ್ಯಾರ್ಥಿ ಸಂಘ, ದೂರು ಪರಿಹಾರ, ಇವೆಲ್ಲ ಇದರಲ್ಲೇ ಬರುತ್ತವೆ. ಒಂದು ವಾರದಲ್ಲಿ ಇಷ್ಟೂ ದಕ್ಕುವುದಿಲ್ಲ.

ನಿಮ್ಮ ಸಂಸ್ಥೆಯಲ್ಲಿ ಈಗ ನಿಜವಾಗಿ ನೋಯುತ್ತಿರುವ ಜಾಗ ಯಾವುದು? ಅದರ ಬಗ್ಗೆ ಒಂದು ವಾಕ್ಯದ ಪ್ರಶ್ನೆ ಬರೆಯಿರಿ. ಉದಾಹರಣೆಗೆ: ‘ಮೊದಲ ವರ್ಷದಲ್ಲೇ ಓದು ಬಿಟ್ಟುಹೋಗುವ ವಿದ್ಯಾರ್ಥಿಯನ್ನು ಇವರು ಹೇಗೆ ಬೇಗ ಗುರುತಿಸುತ್ತಾರೆ?’ ಆ ಪ್ರಶ್ನೆಗೆ ಸಂಬಂಧವಿಲ್ಲದ ಭೇಟಿ ಎಷ್ಟೇ ಆಕರ್ಷಕವಾಗಿದ್ದರೂ ಬಿಡಿ.

ಈ ಪ್ರಶ್ನೆಯನ್ನು ತಂಡದವರೆಲ್ಲ ಒಟ್ಟಿಗೆ ಕೂತು ಬರೆಯಬೇಕು. ಮುಖ್ಯಸ್ಥರು ಬರೆದು ಕಳಿಸಿದ ಪ್ರಶ್ನೆಯನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ.

ಹಂತ 2: ಐದು ವಿದ್ಯಾರ್ಥಿಗಳ ಕತೆ ಸಿದ್ಧಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಪಾಲಿಸುತ್ತೀರಿ ಎಂದಾದರೆ ಈ ಹಂತವನ್ನು ಪಾಲಿಸಿ.

‘ನಿಮ್ಮಲ್ಲಿ ಸಮಾಲೋಚನಾ ಸೇವೆ ಇದೆಯಾ?’ ಎಂದು ಕೇಳಿದರೆ ಎಲ್ಲ ಕಡೆಯೂ ‘ಇದೆ’ ಎನ್ನುತ್ತಾರೆ. ಆ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಕಷ್ಟದಲ್ಲಿರುವ ಒಬ್ಬ ವಿದ್ಯಾರ್ಥಿಯ ಕತೆಯನ್ನು ಮುಂದಿಟ್ಟು ‘ಈಗ ಇವಳು ಏನು ಮಾಡಬೇಕು?’ ಎಂದು ಕೇಳಿ. ಎದುರಿಗಿರುವವರು ಯೋಚಿಸಲು ಶುರು ಮಾಡುತ್ತಾರೆ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ‘ಅದು ನಮ್ಮ ವಿಭಾಗವಾ, ನಿಮ್ಮದಾ?’ ಎನ್ನುತ್ತಾರೆ. ಸೇವೆ ಹೇಗೆ ನಡೆಯುತ್ತಿದೆ ಎಂಬುದು ನಿಮಗೆ ಕಾಣುವುದು ಆ ಗಳಿಗೆಯಲ್ಲಿ.

ನಾನು ಬಳಸುವ ಐದು ಕತೆಗಳು ಇವು. ನಿಮ್ಮ ಪ್ರಶ್ನೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

1. ಮೊದಲ ವರ್ಷದ ವಿದ್ಯಾರ್ಥಿನಿ. ಶುಕ್ರವಾರ ಸಂಜೆ ಏಳು ಗಂಟೆಗೆ ಬಾಡಿಗೆ ಕೋಣೆಯಿಂದ ಹೊರಗೆ ಹಾಕಿದ್ದಾರೆ. ಇವತ್ತು ರಾತ್ರಿ ಎಲ್ಲಿ ಮಲಗುತ್ತಾಳೆ?

2. ಎರಡು ವಾರದಿಂದ ಕ್ಲಾಸಿಗೆ ಬಾರದ ಹುಡುಗ. ಯಾರಿಗೂ ಏನೂ ಹೇಳಿಲ್ಲ. ಅವನು ಕಾಣೆಯಾಗಿರುವುದು ಮೊದಲು ಯಾರ ಗಮನಕ್ಕೆ ಬರುತ್ತದೆ?

3. ಕಿವಿ ಸರಿಯಾಗಿ ಕೇಳಿಸದ ವಿದ್ಯಾರ್ಥಿ. ಮೂರು ವಾರದಲ್ಲಿ ಮೌಖಿಕ ಪರೀಕ್ಷೆ ಇದೆ. ವೈದ್ಯಕೀಯ ಪ್ರಮಾಣಪತ್ರ ಬೇರೆ ದೇಶದ್ದು, ಬೇರೆ ಭಾಷೆಯದ್ದು.

4. ಮನೆಯಲ್ಲಿ ದುಡಿಯುವವರ ಕೆಲಸ ಹೋಗಿದೆ. ಎರಡನೇ ಕಂತಿನ ಫೀಸು ಕಟ್ಟಲು ಹತ್ತು ದಿನ ಉಳಿದಿದೆ.

5. ಪಿಎಚ್‌ಡಿ ವಿದ್ಯಾರ್ಥಿನಿಗೆ ತನ್ನ ಮಾರ್ಗದರ್ಶಕರ ಮೇಲೆಯೇ ದೂರು ಕೊಡಬೇಕಾಗಿದೆ. ಅದೇ ಮಾರ್ಗದರ್ಶಕರ ಸಹಿ ಇಲ್ಲದೆ ಅವಳ ವಿದ್ಯಾರ್ಥಿವೇತನ ಮುಂದುವರಿಯುವುದಿಲ್ಲ.

ಪ್ರತಿ ಕತೆಗೂ ನಾಲ್ಕು ವಿಷಯ ಬರೆದುಕೊಳ್ಳಬೇಕು. ಮೊದಲ ಬಾಗಿಲು ಯಾವುದು? ತನ್ನ ಕತೆಯನ್ನು ಎಷ್ಟು ಜನರ ಮುಂದೆ ಮೊದಲಿನಿಂದ ಹೇಳಬೇಕು? ಮೊದಲ ನಿಜವಾದ ನೆರವಿಗೆ ಎಷ್ಟು ದಿನ? ಕೆಲಸ ನಡುವೆ ನಿಂತುಹೋದರೆ ಕೇಳುವವರು ಯಾರು?

ಎರಡನೆಯ ವಿಷಯಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ನೊಂದ ವಿದ್ಯಾರ್ಥಿ ನಾಲ್ಕು ಕೌಂಟರಿನಲ್ಲಿ ನಾಲ್ಕು ಸಲ ಅದೇ ನೋವು ಹೇಳಿಕೊಳ್ಳಬೇಕಾದರೆ, ಎರಡನೆಯದಕ್ಕೇ ಸುಸ್ತಾಗಿ ರೂಮಿಗೆ ವಾಪಸ್ ಹೋಗುತ್ತಾನೆ. ಆಮೇಲೆ ‘ನಮ್ಮಲ್ಲಿ ಸೇವೆ ಇದೆ, ವಿದ್ಯಾರ್ಥಿಗಳೇ ಬರುವುದಿಲ್ಲ’ ಎಂಬ ಮಾತು ಕೇಳಿಬರುತ್ತದೆ.

ಹಂತ 3: ಮೊದಲು ನಿಮ್ಮದೇ ಸಂಸ್ಥೆಯಲ್ಲಿ ಐದೂ ಕತೆ ನಡೆಸಿ ನೋಡಿ

ಬಹುತೇಕ ತಂಡಗಳು ಬಿಟ್ಟುಬಿಡುವ ಹಂತ ಇದು. ಮನೆಯ ಲೆಕ್ಕ ಗೊತ್ತಿಲ್ಲದೆ ಪಕ್ಕದ ಮನೆಯ ಲೆಕ್ಕ ಕೇಳಿ ಏನು ಪ್ರಯೋಜನ?

ಐದು ಕತೆಗಳನ್ನು ಹಿಡಿದು ನಿಮ್ಮ ಸಂಸ್ಥೆಯ ಆಫೀಸುಗಳಿಗೆ ಹೋಗಿ. ನಾಲ್ಕೂ ವಿಷಯ ತುಂಬಿಸಿ. ಒಂದು ವಾರದ ಕೆಲಸ. ಎಷ್ಟೋ ಸಲ ನಿಮ್ಮ ಪ್ರಶ್ನೆಯೇ ಇಲ್ಲಿ ಬದಲಾಗುತ್ತದೆ. ಸಮಾಲೋಚಕರ ಕೊರತೆ ಎಂದುಕೊಂಡಿರುತ್ತೀರಿ. ನೋಡಿದರೆ ಸಮಾಲೋಚಕರು ಇದ್ದಾರೆ, ಅವರ ಹತ್ತಿರ ಕಳಿಸುವವರು ಇಲ್ಲ. ಹೀಗೆ ಬದಲಾದರೆ ಒಳ್ಳೆಯದೇ. ಈಗ ಬದಲಾಯಿಸುವುದಕ್ಕೆ ಖರ್ಚಿಲ್ಲ.

ಈ ಶೀಟನ್ನು ಜೊತೆಗೆ ಒಯ್ಯಿರಿ. ಆತಿಥೇಯರು ‘ನಿಮ್ಮಲ್ಲಿ ಹೇಗೆ?’ ಎಂದು ಕೇಳಿಯೇ ಕೇಳುತ್ತಾರೆ. ಪ್ರಾಮಾಣಿಕವಾದ ಉತ್ತರ ಕೊಟ್ಟರೆ ಅವರೂ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಹಂತ 4: ಆ ದೇಶದಲ್ಲಿ ಯಾವ ಸೇವೆ ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಿ

ವಿದ್ಯಾರ್ಥಿ ಸೇವೆ ಎಂದರೆ ವಿಶ್ವವಿದ್ಯಾಲಯವೇ ಕೊಡುತ್ತದೆ ಎಂದುಕೊಂಡು ಹೋಗುವುದು ದೊಡ್ಡ ತಪ್ಪು. ಒಂದೊಂದು ದೇಶದಲ್ಲಿ ಒಂದೊಂದು ಏರ್ಪಾಡು.

ಜರ್ಮನಿಯಲ್ಲಿ ಹಾಸ್ಟೆಲ್, ಮೆನ್ಸಾ ಎಂದು ಕರೆಯುವ ಊಟದ ಮನೆ, ಬಾಫೆಗ್ ಎಂಬ ಸರ್ಕಾರಿ ಹಣಕಾಸು ನೆರವಿನ ಅರ್ಜಿ, ಹಲವು ಕಡೆ ಮಾನಸಿಕ ಸಮಾಲೋಚನೆಯನ್ನೂ ನೋಡಿಕೊಳ್ಳುವುದು ಸ್ಟುಡಿಯರೆಂಡೆನ್‌ವೆರ್ಕ್ ಎಂಬ ಬೇರೆಯದೇ ಸಂಸ್ಥೆ. ದೇಶದಲ್ಲಿ ಇಂಥವು 50ಕ್ಕೂ ಹೆಚ್ಚು ಇವೆ. ಒಂದೇ ಸಂಸ್ಥೆ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವುದೂ ಉಂಟು. ವಿದ್ಯಾರ್ಥಿಗಳು ಸೆಮಿಸ್ಟರಿಗೊಮ್ಮೆ ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಇದಕ್ಕೆ ಹೋಗುತ್ತದೆ. ಅಲ್ಲಿಗೆ ಹೋಗಿ ವಿಶ್ವವಿದ್ಯಾಲಯದ ಆಫೀಸನ್ನಷ್ಟೇ ನೋಡಿ ಬಂದರೆ ಒಂದನೆಯ ಮತ್ತು ನಾಲ್ಕನೆಯ ಕತೆಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ.

ಫ್ರಾನ್ಸಿನಲ್ಲೂ ಹೀಗೆಯೇ. ಕ್ರೂಸ್ ಎಂಬ ಪ್ರಾದೇಶಿಕ ಸಂಸ್ಥೆಗಳು ವಸತಿ, ಊಟ, ಆರ್ಥಿಕ ಸ್ಥಿತಿ ನೋಡಿ ಕೊಡುವ ವಿದ್ಯಾರ್ಥಿವೇತನ ಮೂರನ್ನೂ ನಡೆಸುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳಿಗೆ ತಮ್ಮದೇ ಹಾಸ್ಟೆಲ್ ಇರುವುದಿಲ್ಲ. ಡುವೊ, ಎಸ್‌ಎಸ್‌ಎಚ್‌ನಂಥ ವಸತಿ ಸಂಸ್ಥೆಗಳ ಮೂಲಕ ವಿದ್ಯಾರ್ಥಿಗಳು ಕೋಣೆ ಹುಡುಕಿಕೊಳ್ಳುತ್ತಾರೆ. ಫಿನ್‌ಲ್ಯಾಂಡಿನಲ್ಲಿ ವಿದ್ಯಾರ್ಥಿಗಳ ಆರೋಗ್ಯಕ್ಕೆಂದೇ ವೈಟಿಎಚ್‌ಎಸ್ ಎಂಬ ಪ್ರತಿಷ್ಠಾನವಿದೆ. 1954ರಿಂದ ನಡೆಯುತ್ತಿದೆ. 2021ರಿಂದ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅದರ ವ್ಯಾಪ್ತಿಗೆ ಬಂದಿದ್ದಾರೆ.

ಬ್ರಿಟನ್ನಿಗೆ ಹೋಗುವವರು ವಿಶ್ವವಿದ್ಯಾಲಯದ ಸೇವಾ ವಿಭಾಗದ ಜೊತೆ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರವನ್ನೂ ನೋಡಲೇಬೇಕು. ಎಷ್ಟೋ ಕಡೆ ಅಲ್ಲಿನ ಸಲಹೆಗಾರರು ಸಂಘದ ನೌಕರರು. ಹಾಗಾಗಿ ವಿಶ್ವವಿದ್ಯಾಲಯದ ವಿರುದ್ಧ ದೂರಿದ್ದರೂ ವಿದ್ಯಾರ್ಥಿಯ ಪಕ್ಕ ನಿಲ್ಲಬಲ್ಲರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಳಗಿನ ದೂರಿನ ಕ್ರಮ ಮುಗಿದ ಮೇಲೆ ವಿಶ್ವವಿದ್ಯಾಲಯ ‘ಕ್ರಮ ಮುಗಿಯಿತು’ ಎಂದು ಪತ್ರ ಕೊಡಬೇಕು. ಅದನ್ನು ಹಿಡಿದು ವಿದ್ಯಾರ್ಥಿ 12 ತಿಂಗಳೊಳಗೆ ಓಐಎ ಎಂಬ ಸ್ವತಂತ್ರ ದೂರು ಪರಿಶೀಲನಾ ಸಂಸ್ಥೆಗೆ ಹೋಗಬಹುದು. ಶುಲ್ಕವಿಲ್ಲ. ಸ್ಕಾಟ್‌ಲೆಂಡಿನಲ್ಲಿ ಈ ಕೆಲಸ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಯಾದ ಬೇರೆ ಒಂಬುಡ್ಸ್‌ಮನ್‌ನದು. ಐದನೆಯ ಕತೆ ಕೇಳುವಾಗ ಇದು ನೆನಪಿರಲಿ.

ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ವಿರುದ್ಧವಾದ ಚಿತ್ರ. ಹಾಸ್ಟೆಲ್, ಸಮಾಲೋಚನೆ, ಶಿಸ್ತು, ಕ್ಲಬ್ಬುಗಳು, ಹೆಚ್ಚಿನವೆಲ್ಲ ಒಬ್ಬ ಉಪಾಧ್ಯಕ್ಷರ ಕೈಕೆಳಗೆ ಬರುತ್ತವೆ. ಹಾಸ್ಟೆಲಿನ ಮಹಡಿಗಳಲ್ಲಿ ರೆಸಿಡೆಂಟ್ ಅಸಿಸ್ಟೆಂಟ್ ಎಂದು ಹಿರಿಯ ವಿದ್ಯಾರ್ಥಿಗಳು ಇರುತ್ತಾರೆ. ಎರಡನೆಯ ಕತೆಯ ಹುಡುಗ ಕಾಣೆಯಾಗಿರುವುದನ್ನು ಪ್ರಾಧ್ಯಾಪಕರಿಗಿಂತ ಮೊದಲು ಅವರೇ ಗಮನಿಸಬಹುದು. 1974ರ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜು ವಿದ್ಯಾರ್ಥಿಯ ದಾಖಲೆಗಳ ಹಕ್ಕು ವಿದ್ಯಾರ್ಥಿಯದ್ದೇ. ಹೆತ್ತವರು ಕೇಳಿದ ತಕ್ಷಣ ಕೊಡಬೇಕಾಗಿಲ್ಲ. 1990ರ ಕ್ಲೆರಿ ಕಾನೂನಿನಿಂದಾಗಿ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಕ್ಯಾಂಪಸ್ ಸುರಕ್ಷತೆಯ ವರದಿ ಪ್ರಕಟವಾಗುತ್ತದೆ. ಹೋಗುವ ಮೊದಲು ಆ ವರದಿ ಓದಿ. ಅಲ್ಲಿಗೆ ಹೋಗಿ ಇದನ್ನೇ ಕೇಳಿದರೆ ಅರ್ಧ ಗಂಟೆ ದಂಡ.

ಆಸ್ಟ್ರೇಲಿಯಾದಲ್ಲಿ 2025ರ ಫೆಬ್ರವರಿಯಿಂದ ರಾಷ್ಟ್ರೀಯ ವಿದ್ಯಾರ್ಥಿ ಒಂಬುಡ್ಸ್‌ಮನ್ ವ್ಯವಸ್ಥೆ ಶುರುವಾಗಿದೆ. ಹೊಸದಾದ್ದರಿಂದ ಅಲ್ಲಿನ ಸಿಬ್ಬಂದಿ ತಮ್ಮ ಒಳಗಿನ ದೂರಿನ ಕ್ರಮದಲ್ಲಿ ಏನು ಬದಲಾಯಿಸಿಕೊಂಡರು ಎಂದು ಕೇಳುವುದಕ್ಕೆ ಇದು ಒಳ್ಳೆಯ ಸಮಯ.

ಈ ಹಂತದ ಕೊನೆಗೆ ಒಂದು ಪುಟದ ನಕ್ಷೆ ಇರಲಿ. ಯಾವ ಸೇವೆ, ಯಾರು ಕೊಡುತ್ತಾರೆ, ಹಣ ಎಲ್ಲಿಂದ, ಹಿಂದಿರುವ ಕಾನೂನು ಯಾವುದು. ಕಾನೂನು ಮತ್ತು ಹಣದ ಕಾಲಂ ಖಾಲಿ ಬಿಟ್ಟು ಹೋಗಬೇಡಿ. ವಾಪಸ್ ಬಂದು ‘ನಾವೂ ಹೀಗೆ ಮಾಡೋಣ’ ಎಂದಾಗ ಯೋಜನೆ ಮುರಿದುಬೀಳುವುದು ಆ ಎರಡು ಕಾಲಂಗಳ ಹತ್ತಿರ.

ಹಂತ 5: ಎಲ್ಲಿಗೆ ಮತ್ತು ಯಾವಾಗ

ಏಳು ದಿನಕ್ಕೆ ಮೂರು ವಿಶ್ವವಿದ್ಯಾಲಯ. ಇದಕ್ಕಿಂತ ಜಾಸ್ತಿ ಬೇಡ. ಐದು ದೇಶ, ಹತ್ತು ಕ್ಯಾಂಪಸ್ ಎಂಬ ಪಟ್ಟಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನಿಜದಲ್ಲಿ ಬಸ್ಸು, ರೈಲಿನಲ್ಲೇ ದಿನ ಕಳೆದುಹೋಗುತ್ತದೆ.

ಮೂರೂ ಒಂದೇ ಥರದವು ಆಗದಿರಲಿ. ಒಂದು ದೊಡ್ಡದು, ಒಂದು ಚಿಕ್ಕದು, ಮೂರನೆಯದು ಹಣಕಾಸಿನಲ್ಲಿ ನಿಮ್ಮ ಸಂಸ್ಥೆಗೆ ಹತ್ತಿರವಾದದ್ದು. ಹೆಸರಾಂತ ವಿಶ್ವವಿದ್ಯಾಲಯ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕಡಿಮೆ ಹಣದಲ್ಲಿ ಸೇವೆ ನಡೆಸುವವರಿಂದ ಕಲಿಯುವುದು ಜಾಸ್ತಿ. ಅವರು ಬಳಸುವ ದಾರಿಗಳನ್ನು ನೀವೂ ಬಳಸಬಹುದು.

ಸಮಯದ ವಿಷಯದಲ್ಲಿ ಎಡವುವವರು ಬಹಳ. ತಮಗೆ ರಜೆ ಇದ್ದಾಗ ಹೋಗುತ್ತಾರೆ, ಅಲ್ಲೂ ರಜೆ ಇರುತ್ತದೆ. ಜರ್ಮನಿಯಲ್ಲಿ ಪಾಠಗಳು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಮತ್ತೆ ಏಪ್ರಿಲ್‌ನಿಂದ ಜುಲೈವರೆಗೆ. ಆಸ್ಟ್ರೇಲಿಯಾದ ಹೆಚ್ಚಿನ ಕಡೆ ವರ್ಷ ಶುರುವಾಗುವುದು ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ. ಬ್ರಿಟನ್ನಿನಲ್ಲಿ ಮೇ, ಜೂನ್ ಹೆಚ್ಚಾಗಿ ಪರೀಕ್ಷೆಯ ಕಾಲ. ಆಗ ಸಮಾಲೋಚನಾ ವಿಭಾಗಕ್ಕೆ ಉಸಿರಾಡಲೂ ಬಿಡುವಿರುವುದಿಲ್ಲ.

ಸೆಮಿಸ್ಟರ್ ಶುರುವಾಗಿ ಮೂರರಿಂದ ಆರನೇ ವಾರ ನನ್ನ ಆಯ್ಕೆ. ಮೊದಲ ವಾರದ ಗದ್ದಲ ಮುಗಿದಿರುತ್ತದೆ, ವಿದ್ಯಾರ್ಥಿಗಳ ನಿಜವಾದ ಕಷ್ಟಗಳು ಹೊರಗೆ ಬರಲು ಶುರುವಾಗಿರುತ್ತವೆ, ಸಿಬ್ಬಂದಿಗೂ ಮಾತಾಡಲು ಸ್ವಲ್ಪ ಸಮಯ ಇರುತ್ತದೆ. ಹೊಸಬರನ್ನು ಬರಮಾಡಿಕೊಳ್ಳುವ ರೀತಿಯೇ ನಿಮ್ಮ ಪ್ರಶ್ನೆಯಾಗಿದ್ದರೆ ಮಾತ್ರ ಮೊದಲ ವಾರ ಹೋಗಿ. ಆಗಲೂ ಸುಮ್ನೆ ದೂರ ನಿಂತು ನೋಡಿ, ಭೇಟಿಗೆ ಸಮಯ ಕೇಳಬೇಡಿ.

ಹಂತ 6: ಪತ್ರ ಬರೆಯುವುದು

ಹೊರಡುವ ಮೂರ್ನಾಲ್ಕು ತಿಂಗಳ ಮೊದಲು ಇಮೇಲ್ ಹೋಗಬೇಕು. ಅಂತಾರಾಷ್ಟ್ರೀಯ ವಿಭಾಗಕ್ಕೆ ಮಾತ್ರ ಬರೆದು ಕಾಯುವುದು ಸಾಮಾನ್ಯ ತಪ್ಪು. ಎಷ್ಟೋ ಕಡೆ ಅವರ ಮುಖ್ಯ ಕೆಲಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು. ಅವರು ಒಳ್ಳೆಯ ಮನಸ್ಸಿನಿಂದಲೇ ನಿಮಗೆ ಕ್ಯಾಂಪಸ್ ಸುತ್ತಿಸುತ್ತಾರೆ. ನಿಮಗೆ ಬೇಕಾದ್ದು ಅದಲ್ಲ, ಅಲ್ವಾ? ಸೇವಾ ವಿಭಾಗದ ಮುಖ್ಯಸ್ಥರಿಗೆ ನೇರವಾಗಿ ಬರೆಯಿರಿ, ಅಂತಾರಾಷ್ಟ್ರೀಯ ವಿಭಾಗಕ್ಕೆ ಪ್ರತಿ ಹಾಕಿ.

ಪತ್ರ ಹದಿನೈದು ಸಾಲು ಮೀರಬಾರದು. ನಾವು ಯಾರು, ಎಷ್ಟು ಜನ. ನಮ್ಮ ಒಂದು ಪ್ರಶ್ನೆ ಇದು. ಯಾವ ಎರಡು ವಾರಗಳಲ್ಲಿ ನಿಮಗೆ ಅನುಕೂಲ? ನಮಗೆ ಬೇಕಾದ್ದು ಎರಡು ಗಂಟೆ: ಒಂದು ಗಂಟೆ ಸಿಬ್ಬಂದಿ ಜೊತೆ, ಅರ್ಧ ಗಂಟೆ ವಿದ್ಯಾರ್ಥಿ ಪ್ರತಿನಿಧಿಗಳ ಜೊತೆ, ಅರ್ಧ ಗಂಟೆ ಜಾಗ ನೋಡಲು. ಐದು ಕತೆಗಳನ್ನು ಲಗತ್ತಿಸಿದ್ದೇವೆ. ಭೇಟಿಗೆ ಶುಲ್ಕ ಇದ್ದರೆ ತಿಳಿಸಿ. ಅಷ್ಟೇ.

ಶುಲ್ಕದ ಮಾತು ಮುಂಚೆಯೇ ಕೇಳಬೇಕು. ಹೊರಗಿನ ತಂಡಗಳ ಭೇಟಿಗೆ ಹಣ ಪಡೆಯುವ ವಿಶ್ವವಿದ್ಯಾಲಯಗಳಿವೆ. ಕೊನೆಗೆ ಗೊತ್ತಾದರೆ ಬಜೆಟ್ ಏರುಪೇರಾಗುತ್ತದೆ.

ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಮತ್ತೆ ಎರಡು ವಾರ ಮೌನವಾದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

ಇಲ್ಲಿ ಕಾಣುವ ಎಚ್ಚರಿಕೆಯ ಗುರುತುಗಳು ಮೂರು. ಒಂದು, ಕಳಿಸಿದ ವೇಳಾಪಟ್ಟಿಯಲ್ಲಿ ವಿದ್ಯಾರ್ಥಿಗಳೇ ಇಲ್ಲದಿರುವುದು. ಇನ್ನೊಂದು, ಅರ್ಧಕ್ಕಿಂತ ಜಾಸ್ತಿ ಸಮಯ ‘ಕ್ಯಾಂಪಸ್ ದರ್ಶನ’ಕ್ಕೆ ಹೋಗಿರುವುದು. ಮೂರನೆಯದು ಪ್ರವಾಸ ಏಜೆನ್ಸಿ ‘ಅಪಾಯಿಂಟ್‌ಮೆಂಟ್ ಎಲ್ಲ ನಾವೇ ನೋಡ್ಕೋತೀವಿ’ ಎಂದು ಹೇಳಿ ಎದುರು ಯಾರು ಸಿಗುತ್ತಾರೆ ಎಂಬುದನ್ನು ತಿಳಿಸದಿರುವುದು. ಒಮ್ಮೆ ನಾನು ಹೀಗೆ ಬಿಟ್ಟುಕೊಟ್ಟಿದ್ದೆ. ಅಲ್ಲಿಗೆ ಹೋದಾಗ ಎದುರು ಕೂತವರು ಪ್ರವೇಶ ವಿಭಾಗದವರು. ಕೈಗೆ ಕೋರ್ಸುಗಳ ಪುಸ್ತಿಕೆ ಕೊಟ್ಟರು. ಸಮಾಲೋಚನಾ ಕೇಂದ್ರ ಇನ್ನೂರು ಹೆಜ್ಜೆ ದೂರದಲ್ಲಿತ್ತು, ಒಳಗೆ ಹೋಗಲು ಆಗಲಿಲ್ಲ. ಅಷ್ಟು ಜನರ ಸಮಯ, ಹಣ ಎರಡೂ ಹೋಯಿತು. ಅಂದಿನಿಂದ ಪತ್ರ ವ್ಯವಹಾರ ಮಾತ್ರ ತಂಡದವರೇ ಮಾಡಬೇಕು ಎಂದು ಹಟ ಹಿಡಿದು ಹೇಳುತ್ತೇನೆ.

ಹಂತ 7: ವೀಸಾ, ವಿಮೆ

ಭೇಟಿಯ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ವೀಸಾ ಅರ್ಜಿ. ಆ ಪತ್ರದಲ್ಲಿ ತಂಡದ ಪ್ರತಿಯೊಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ.

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ವೀಸಾ ಬೇಕಾದವರು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತೀರಾ ತಡವೆಂದರೂ 15 ದಿನ ಮೊದಲು ಹಾಕಿರಬೇಕು. ಆ ಕೊನೆಯ ಗಡುವನ್ನು ನಂಬಿ ಕೂರಬೇಡಿ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಷೆಂಗೆನ್ ಬಿಟ್ಟು ಹೊರಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ. ಪ್ಯಾರಿಸ್ ನೋಡಿ ಲಂಡನ್ನಿಗೆ ಹೋಗುವ ಯೋಜನೆ ಇದ್ದರೆ ಎರಡು ಕಡೆಯ ನಿಯಮವನ್ನೂ ಬೇರೆ ಬೇರೆ ನೋಡಬೇಕು.

ವಿಮಾನದ ಟಿಕೆಟ್ ಇದೆಲ್ಲ ಆದ ಮೇಲೆ. ಅರ್ಜಿಗೆ ಪ್ರಯಾಣದ ವಿವರ ಕೇಳಿದರೆ ಕಾದಿರಿಸಿದ ದಾಖಲೆ ಸಾಕೇ ಎಂದು ವೀಸಾ ಕೇಂದ್ರದಲ್ಲಿ ಮೊದಲೇ ವಿಚಾರಿಸಿ.

ಹಂತ 8: ಭೇಟಿಯ ದಿನ

ದಿನಕ್ಕೆ ಒಂದೇ ಮುಖ್ಯ ಭೇಟಿ, ಬೆಳಿಗ್ಗೆ. ಮಧ್ಯಾಹ್ನವನ್ನು ಖಾಲಿ ಬಿಡಿ. ಯಾಕೆಂದರೆ ಬೆಳಿಗ್ಗೆಯ ಮಾತಿನಲ್ಲಿ ಯಾರಾದರೂ ‘ಇದನ್ನು ನೀವು ನಮ್ಮ ಹಣಕಾಸು ಆಫೀಸಿನವರ ಹತ್ತಿರ ಕೇಳಬೇಕು, ಬನ್ನಿ ಪರಿಚಯ ಮಾಡಿಸ್ತೇನೆ’ ಎನ್ನುತ್ತಾರೆ. ಆಗ ಓಡಬೇಕಾದ ಇನ್ನೊಂದು ಕಾರ್ಯಕ್ರಮ ಇರಬಾರದು.

ಒಂದು ಗಂಟೆ ಮೊದಲೇ ಕ್ಯಾಂಪಸ್ಸಿಗೆ ಹೋಗಿ. ಇಬ್ಬಿಬ್ಬರಾಗಿ ಹಂಚಿಕೊಂಡು, ಹೊಸ ವಿದ್ಯಾರ್ಥಿ ನೋಡುವಂತೆ ನೋಡಿ. ಸಹಾಯ ಕೌಂಟರ್ ಎಲ್ಲಿದೆ ಎಂಬ ಫಲಕ ಕಣ್ಣಿಗೆ ಬೀಳುತ್ತದೆಯೇ? ಗಾಲಿಕುರ್ಚಿಯಲ್ಲಿ ಬರುವವರು ಮುಖ್ಯ ಬಾಗಿಲಿನಿಂದಲೇ ಹೋಗಬಹುದೇ, ಅಥವಾ ಹಿಂದಿನಿಂದ ಸುತ್ತಿ ಬರಬೇಕೇ? ಸಮಾಲೋಚನಾ ಕೇಂದ್ರದ ಬಾಗಿಲು ಎಲ್ಲರಿಗೂ ಕಾಣುವ ಹಾಗೆ ಇದೆಯೇ? ಒಳಗೆ ಹೋಗಲು ನಾಚುವ ವಿದ್ಯಾರ್ಥಿಗೆ ಅದರಿಂದ ಬಹಳ ವ್ಯತ್ಯಾಸವಾಗುತ್ತದೆ. ಆಫೀಸು ತೆರೆದಿರುವ ವೇಳೆ ಬರೆದುಕೊಳ್ಳಿ. ಸಂಜೆ ಕೆಲಸ ಮಾಡಿ ಓದುವ ವಿದ್ಯಾರ್ಥಿಗೆ ಹತ್ತರಿಂದ ನಾಲ್ಕರವರೆಗಿನ ಆಫೀಸು ಇದ್ದೂ ಇಲ್ಲದ ಹಾಗೆ.

ಸಿಬ್ಬಂದಿ ಜೊತೆಗಿನ ಮಾತನ್ನು ಕತೆಗಳಿಂದಲೇ ಶುರು ಮಾಡಿ. ಅವರು ಸ್ಲೈಡ್ ಸಿದ್ಧ ಮಾಡಿಕೊಂಡಿದ್ದರೆ ‘ಹತ್ತು ನಿಮಿಷ ಅದನ್ನು ನೋಡೋಣ, ಆಮೇಲೆ ನಮ್ಮ ಐದು ವಿದ್ಯಾರ್ಥಿಗಳ ಕಡೆ ಬರೋಣ’ ಎಂದು ವಿನಯದಿಂದ ಹೇಳಬಹುದು. ಬೇಜಾರು ಮಾಡಿಕೊಂಡವರನ್ನು ನಾನು ನೋಡಿಲ್ಲ. ಕೆಲಸ ಮಾಡುವವರಿಗೆ ತಮ್ಮ ಕೆಲಸದ ಬಗ್ಗೆ ಮಾತಾಡುವುದು ಇಷ್ಟವೇ.

ಮುಖ್ಯಸ್ಥರ ಜೊತೆ ಕೌಂಟರಿನಲ್ಲಿ ಕೂರುವವರೂ ಇರಲಿ ಎಂದು ಮೊದಲೇ ಕೇಳಿಕೊಳ್ಳಿ. ನಿಯಮ ಏನು ಎಂದು ಮುಖ್ಯಸ್ಥರಿಗೆ ಗೊತ್ತು. ಸೋಮವಾರ ಬೆಳಿಗ್ಗೆ ಏನಾಗುತ್ತದೆ ಎಂದು ಗೊತ್ತಿರುವುದು ಕೌಂಟರಿನವರಿಗೆ. ಇಬ್ಬರ ಉತ್ತರದಲ್ಲಿ ವ್ಯತ್ಯಾಸ ಕಂಡರೆ ಅಲ್ಲೇ ನಿಲ್ಲಿ, ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿ.

‘ಎಷ್ಟು ಸಮಾಲೋಚಕರು ಇದ್ದಾರೆ?’ ಎಂಬ ಪ್ರಶ್ನೆಗೆ ಸಂಖ್ಯೆ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ. ‘ಇವತ್ತು ಒಬ್ಬಳು ಫೋನ್ ಮಾಡಿದರೆ ಮೊದಲ ಭೇಟಿ ಯಾವತ್ತು? ಅಷ್ಟರವರೆಗೆ ಅವಳನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳಿ. ‘ಏನು ಮಾಡಿ ನೋಡಿ ಕೈಬಿಟ್ಟಿರಿ?’ ಎಂಬುದನ್ನೂ ತಪ್ಪದೆ ಕೇಳಿ. ಸೋತ ಪ್ರಯತ್ನದ ಕತೆ ವೆಬ್‌ಸೈಟಿನಲ್ಲಿ ಇರುವುದಿಲ್ಲ. ಅದನ್ನು ಕೇಳಿಸಿಕೊಳ್ಳಲೆಂದೇ ಅಷ್ಟು ದೂರ ಹೋಗಿರುತ್ತೀರಿ.

ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಸಿಬ್ಬಂದಿ ಆ ಕೋಣೆಯಲ್ಲಿ ಇಲ್ಲದಿದ್ದರೆ ಒಳ್ಳೆಯದು. ಅವರಿಗೂ ಅದೇ ಐದು ಕತೆ ಕೊಡಿ. ‘ನಿನ್ನ ಗೆಳತಿಗೆ ಹೀಗಾದರೆ ನೀನು ಏನು ಹೇಳ್ತೀಯಾ?’ ಎಂದು ಕೇಳಿ. ಅವರ ಸ್ವಂತ ಆರೋಗ್ಯ, ಹಣ, ದೂರುಗಳ ಬಗ್ಗೆ ಕೇಳಲೇಬಾರದು. ಗೆಳತಿಯ ಮಾತು ಎಂದಾಗ ಅವರು ನಿರಾಳವಾಗಿ ಹೇಳುತ್ತಾರೆ, ಯಾರ ಗುಟ್ಟೂ ಹೊರಬರುವುದಿಲ್ಲ.

ಗೌಪ್ಯತೆಯ ವಿಷಯದಲ್ಲಿ ಸ್ವಲ್ಪವೂ ಸಡಿಲ ಬೇಡ. ಸಮಾಲೋಚನಾ ಕೇಂದ್ರದ ಕಾಯುವ ಕೋಣೆಯಲ್ಲಿ ತಂಡವಾಗಿ ನಿಲ್ಲಬೇಡಿ. ಅಲ್ಲಿ ಕೂತ ಒಬ್ಬ ಹುಡುಗ ನಿಮ್ಮನ್ನು ನೋಡಿ ಎದ್ದು ಹೋಗಬಹುದು, ಮತ್ತೆ ಬರದೇ ಇರಬಹುದು. ವಿದ್ಯಾರ್ಥಿಗಳ ಮುಖ, ನೋಟಿಸ್ ಬೋರ್ಡಿನ ಹೆಸರುಗಳು, ಕಂಪ್ಯೂಟರ್ ಪರದೆ, ಇವುಗಳ ಫೋಟೋ ಬೇಡ. ಒಪ್ಪಿಗೆ ಇಲ್ಲದೆ ಧ್ವನಿಮುದ್ರಣ ಬೇಡ. ಯುರೋಪಿನ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣೆಯ ನಿಯಮ ಜಾರಿಯಲ್ಲಿದೆ. ಆರೋಗ್ಯದ ಮಾಹಿತಿಗೆ ಅದರಲ್ಲಿ ವಿಶೇಷ ರಕ್ಷಣೆ ಇದೆ. ಕಾನೂನು ಇಲ್ಲದ ಕಡೆಯೂ ಹೀಗೇ ನಡೆದುಕೊಳ್ಳಬೇಕು.

ಭೇಟಿಯ ನಡುವೆ ಗಮನಿಸಬೇಕಾದ ಗುರುತುಗಳು ಕೆಲವು. ಎಲ್ಲ ಪ್ರಶ್ನೆಗೂ ‘ಅದಕ್ಕೆ ಆ್ಯಪ್ ಇದೆ’ ಎಂಬ ಉತ್ತರ ಬಂದರೆ, ಆ್ಯಪಿನ ಆಚೆ ತುದಿಯಲ್ಲಿ ಯಾರಿದ್ದಾರೆ ಎಂದು ಕೇಳಿ. ‘ನಮ್ಮಲ್ಲಿ ದೂರುಗಳೇ ಬಂದಿಲ್ಲ’ ಎಂದರೆ ಸಂತೋಷಪಡುವ ಮೊದಲು ದೂರು ಕೊಡುವ ದಾರಿ ಹುಡುಕಿ ನೋಡಿ. ವಿದ್ಯಾರ್ಥಿಗಳು ಉತ್ತರಿಸುವ ಮೊದಲು ಸಿಬ್ಬಂದಿಯ ಕಡೆ ನೋಡುತ್ತಿದ್ದರೆ, ಅಲ್ಲಿ ಕೇಳಿದ್ದಕ್ಕೆ ಸ್ವಲ್ಪ ಕಡಿಮೆ ತೂಕ ಕೊಡಿ.

ಹಂತ 9: ಅದೇ ಸಂಜೆ

ರಾತ್ರಿ ಊಟಕ್ಕೆ ಮೊದಲು ನಲವತ್ತು ನಿಮಿಷ ಎಲ್ಲರೂ ಒಂದೇ ಮೇಜಿನ ಸುತ್ತ. ನಾಳೆಗೆ ಮುಂದೂಡಬೇಡಿ. ಮೂರನೇ ದಿನಕ್ಕೆ ಯಾವ ಮಾತನ್ನು ಯಾವ ಕ್ಯಾಂಪಸ್ಸಿನಲ್ಲಿ ಕೇಳಿದ್ದು ಎಂಬುದೇ ಕಲಸಿಹೋಗುತ್ತದೆ.

ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ಅವರವರ ಶೀಟ್ ತುಂಬಬೇಕು. ಮಾತು ಮೊದಲು ಶುರುವಾದರೆ ಹಿರಿಯರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯ ಆಗಿಬಿಡುತ್ತದೆ. ಆಮೇಲೆ ಕತೆವಾರು ಹೋಲಿಸಿ. ಬರೆಯುವಾಗ ಮೂರು ಥರದ ಗುರುತು ಹಾಕಿ: ಕಣ್ಣಾರೆ ಕಂಡದ್ದು, ಅವರು ಹೇಳಿದ್ದು, ನಾವು ಊಹಿಸಿದ್ದು. ಈ ಮೂರನ್ನು ಬೆರೆಸಿದ ವರದಿಯನ್ನು ಯಾರೂ ನಂಬಿ ಬಳಸಲು ಆಗುವುದಿಲ್ಲ.

ಉತ್ತರ ಸಿಗದ ಖಾನೆಗಳನ್ನು ಅದೇ ರಾತ್ರಿ ಆತಿಥೇಯರಿಗೆ ಧನ್ಯವಾದದ ಇಮೇಲ್‌ನಲ್ಲಿ ಕೇಳಿ. ಎರಡು ಪ್ರಶ್ನೆ ಸಾಕು. ನಿಮ್ಮ ನೆನಪು ಹಸಿಯಾಗಿರುವಾಗ ಅವರೂ ಬೇಗ ಉತ್ತರಿಸುತ್ತಾರೆ.

ಹಂತ 10: ವಾಪಸ್ ಬಂದ ಮೇಲೆ

ಎರಡು ವಾರದೊಳಗೆ ವರದಿ. ಹತ್ತು ಪುಟ ಮೀರದಿರಲಿ. ವಿಶ್ವವಿದ್ಯಾಲಯವಾರು ಬರೆಯಬೇಡಿ, ಕತೆವಾರು ಬರೆಯಿರಿ. ‘ಶುಕ್ರವಾರ ಸಂಜೆ ಮನೆ ಕಳೆದುಕೊಂಡವಳು’ ಎಂಬ ಶೀರ್ಷಿಕೆಯ ಕೆಳಗೆ ಮೂರು ಕಡೆ ಅವಳಿಗೆ ಏನಾಗುತ್ತಿತ್ತು, ನಮ್ಮಲ್ಲಿ ಏನಾಗುತ್ತದೆ ಎಂದು ಪಕ್ಕಪಕ್ಕ ಇಟ್ಟರೆ ಸಭೆಯಲ್ಲಿ ಕೂತವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಶಿಫಾರಸುಗಳನ್ನು ಬರೆಯುವಾಗ ನಾಲ್ಕನೇ ಹಂತದ ನಕ್ಷೆ ಮುಂದಿಟ್ಟುಕೊಳ್ಳಿ. ಕಾನೂನು ಬದಲಾಗಬೇಕಾದ್ದು, ಹಣ ಬೇಕಾದ್ದು, ಬರೀ ಕ್ರಮ ಬದಲಾಯಿಸಿದರೆ ಆಗುವಂಥದ್ದು ಎಂದು ಬೇರೆ ಮಾಡಿ. ಮೂರನೆಯ ಗುಂಪಿನಿಂದ ಒಂದನ್ನು ಆರಿಸಿ ಬರುವ ಸೆಮಿಸ್ಟರಿನಲ್ಲೇ ಮಾಡಿ ತೋರಿಸಿ. ಉದಾಹರಣೆಗೆ, ವಿದ್ಯಾರ್ಥಿಯ ಒಪ್ಪಿಗೆ ಪಡೆದು ಮೊದಲ ಕೌಂಟರಿನವರೇ ಒಂದು ಚಿಕ್ಕ ಟಿಪ್ಪಣಿ ಬರೆದು ಮುಂದಿನವರಿಗೆ ಕಳಿಸುವುದು. ಆಗ ಅವನು ಪ್ರತಿ ಕಡೆ ಮೊದಲಿನಿಂದ ಹೇಳುವುದು ತಪ್ಪುತ್ತದೆ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ.

ಆರು ತಿಂಗಳಾದ ಮೇಲೆ ಐದು ಕತೆಗಳನ್ನು ಮತ್ತೆ ನಿಮ್ಮ ಆಫೀಸುಗಳಲ್ಲಿ ನಡೆಸಿ. ಹಳೆಯ ಶೀಟಿನ ಪಕ್ಕ ಹೊಸ ಶೀಟ್ ಇಡಿ. ಯಾವ ಖಾನೆ ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂದು ನಿಮ್ಮನ್ನು ಬರಮಾಡಿಕೊಂಡ ಮೂರೂ ಕಡೆಯವರಿಗೆ ಅರ್ಧ ಪುಟ ಬರೆದು ಕಳಿಸಿ.